ಮೊದಲನೇ ಮೋಲ್ಡ್ ಅಂದ್ರೆ ಯಾವ್ದು ಸಾರ್?

ದೊಡ್ಡಬಳ್ಳಾಪುರದಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮೇಲೆ ನನ್ನ ಆಫೀಸು. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಒಬ್ಬ ಹುಡುಗ. 30×40 ಸೈಟಿನ ಮನೆಗಳಿಗೆ ಕಂಬ, ಬೀಮು, ಸ್ಲ್ಯಾಬುಗಳ ಲೆಕ್ಕ ಹಾಕಿ ಹಾಳೆ ಕೊಡುವುದು ಕಸುಬು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ಇಳಿಯಲು ಶುರುವಾದ ಮೇಲೆ ಈ ಕಡೆ ಹೊಲಗಳೆಲ್ಲ ಸೈಟುಗಳಾದವು, ನನ್ನಂಥವರಿಗೂ ಎರಡು ಹೊತ್ತಿನ ಊಟಕ್ಕೆ ದಾರಿಯಾಯಿತು.

ಮನೆಯ ಮಾಡೆಲ್ ಅಂದರೆ ಮಾಲೀಕರ ಕಣ್ಣಿಗೆ ಬಣ್ಣದ ಚಿತ್ರ. ನಮಗೆ ಬೇಕಾದ್ದು ಅದರೊಳಗಿನ ಮೂಳೆ. ಒಂದೊಂದು ಮಹಡಿಯಲ್ಲಿ ಯಾವ ಬೀಮು ಯಾವುದರ ಮೇಲೆ ಕೂತಿದೆ, ಯಾವ ಸ್ಲ್ಯಾಬು ಯಾವ ಕಡೆಗೆ ಭಾರ ದಾಟಿಸುತ್ತದೆ ಅನ್ನುವ ಜೋಡಣೆಗೆ ನಾವು ಫ್ರೇಮಿಂಗ್ ಅನ್ನುತ್ತೇವೆ. ಕಾಲೇಜಿನಲ್ಲಿ ಬೆಂಡಿಂಗ್ ಮೊಮೆಂಟು ಕಲಿಸಿದರು. ಈ ಜೋಡಣೆಯನ್ನು ಫೈಲಿನೊಳಗೆ ಒಪ್ಪವಾಗಿ ಇಡುವುದನ್ನು ಯಾರೂ ಕಲಿಸಲಿಲ್ಲ. ಮೇಸ್ತ್ರಿಗಳು ಕಲಿಸಿದರು, ನನ್ನ ಖರ್ಚಿನಲ್ಲಿ.

1. ಮಹಡಿಗೆ ಮೇಸ್ತ್ರಿ ಕರೆಯುವ ಹೆಸರನ್ನೇ ಇಡಿ.

ನೆಲಮಂಗಲದ ಕಡೆ ಒಂದು ಮನೆ. ಕೆಳಗೊಂದು, ಮೇಲೆರಡು ಮಹಡಿ. ಈಟ್ಯಾಬ್ಸ್‌ನಲ್ಲಿ ಮಾಡೆಲ್ ಮಾಡಿದೆ. ಆ ಪ್ರೋಗ್ರಾಮಿನ ಪ್ರಕಾರ ಒಂದನೇ ಸ್ಟೋರಿಯ ಬೀಮು ಅಂದರೆ ಆ ಅಂತಸ್ತಿನ ತಲೆಯ ಮೇಲಿರುವ ಬೀಮು. ಆರ್ಕಿಟೆಕ್ಟ್ ಕಳಿಸಿದ ನಕ್ಷೆಯಲ್ಲಿ ಫಸ್ಟ್ ಫ್ಲೋರ್ ಅಂದರೆ ಕಾಲ ಕೆಳಗಿನ ನೆಲ. ನಾನು ಆರ್ಕಿಟೆಕ್ಟಿನ ಲೆಕ್ಕ ಹಿಡಿದು, ಮೊದಲನೇ ಮಹಡಿಯ ನೆಲವನ್ನು ಹೊರುವ ಬೀಮುಗಳಿಗೆ ‘ಫಸ್ಟ್ ಫ್ಲೋರ್’ ಅಂತಲೂ, ಪಾಯದ ಮೇಲಿನ ಪ್ಲಿಂತ್ ಬೀಮುಗಳಿಗೆ ‘ಗ್ರೌಂಡ್ ಫ್ಲೋರ್’ ಅಂತಲೂ ಹೆಸರಿಟ್ಟು ಹಾಳೆ ಕಳಿಸಿದೆ. ನನ್ನ ತಲೆಯಲ್ಲಿ ಎಲ್ಲ ಸರಿಯಾಗಿಯೇ ಇತ್ತು.

ಪಾಯದ ಕೆಲಸ ಮುಗಿಸಿ ಹೋದ ತಂಡ ಬೇರೆ, ಮೋಲ್ಡಿಗೆ, ಅಂದರೆ ಚಾವಣಿಯ ಕಾಂಕ್ರೀಟಿಗೆ ಬಂದ ತಂಡ ಬೇರೆ. ಮೇಸ್ತ್ರಿಗೆ ಕೆಳಗಿನ ಮನೆಯ ಚಾವಣಿ ಅಂದರೆ ‘ಗ್ರೌಂಡ್ ಫ್ಲೋರ್ ಮೋಲ್ಡು’. ಹಾಳೆಗಳ ಕಟ್ಟಿನಲ್ಲಿ ‘ಗ್ರೌಂಡ್ ಫ್ಲೋರ್’ ಅಂತ ಬರೆದದ್ದು ಸಿಕ್ಕಿತು. ಕಂಬಗಳ ಸಾಲು ಎರಡು ಹಾಳೆಯಲ್ಲೂ ಒಂದೇ ಆದ್ದರಿಂದ ಅನುಮಾನ ಬರಲು ಕಾರಣವೇ ಇರಲಿಲ್ಲ. ಕಾಂಕ್ರೀಟಿನ ಹಿಂದಿನ ಸಂಜೆ ನಾನು ಏಣಿ ಹತ್ತಿ ನೋಡಿದರೆ, ಹಾಲಿನ ಬೀಮಿನ ತಳದಲ್ಲಿ 16 ಎಂಎಂ ಕಂಬಿ ಮೂರು ಇರಬೇಕಾದ ಕಡೆ 12 ಎಂಎಂ ಎರಡು ಮಲಗಿವೆ. ಪ್ಲಿಂತ್ ಬೀಮಿನ ಕಂಬಿ ಚಾವಣಿಗೆ ಹತ್ತಿದೆ!

ಕಂಬಿ ಕಟ್ಟುವವರ ಮೇಲೆ ಕೂಗಾಡಿದೆ. ಮೇಸ್ತ್ರಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ತಿರುಗಿ ಬಯ್ಯಲಿಲ್ಲ. ಸುಣ್ಣ ಮೆತ್ತಿದ ಕೈಯಲ್ಲಿ ಹಾಳೆ ಮುಂದೆ ಹಿಡಿದು, “ಸಾರ್, ಮೊದಲನೇ ಮೋಲ್ಡ್ ಅಂದ್ರೆ ಯಾವ್ದು? ನೀವೇ ಓದಿ ಹೇಳಿ,” ಅಂದರು. ಓದಿದೆ. ನನ್ನ ಹಾಳೆ ಓದಿದರೆ ನಾನೇ ಅದೇ ತಪ್ಪು ಮಾಡುತ್ತಿದ್ದೆ. ಎರಡು ದಿನದ ಬಿಚ್ಚುವ, ಕಟ್ಟುವ ಕೂಲಿ ನನ್ನ ಜೇಬಿನಿಂದ ಹೋಯಿತು.

ಇನ್ನೊಂದು ಸಣ್ಣ ಪೀಡೆ ಆಮೇಲೆ ಕಣ್ಣಿಗೆ ಬಿತ್ತು. ಕಂಪ್ಯೂಟರು ಹೆಸರುಗಳನ್ನು ಇಂಗ್ಲಿಷ್ ಅಕ್ಷರದ ಕ್ರಮದಲ್ಲಿ ಜೋಡಿಸುತ್ತದೆ. ಫಸ್ಟ್, ಗ್ರೌಂಡ್, ಸೆಕೆಂಡ್, ಟೆರೇಸ್. ಪಾಯ ಹೋಗಿ ಮನೆಯ ಮಧ್ಯದಲ್ಲಿ ಕೂತಿದೆ. ಈಗ ನನ್ನ ಫೈಲುಗಳಲ್ಲಿ ಮುಂದೆ ಅಂಕಿ ಇರುತ್ತದೆ: 0 ಪ್ಲಿಂತ್ ಬೀಮು, 1 ಮೊದಲನೇ ಮೋಲ್ಡು, 2 ಎರಡನೇ ಮೋಲ್ಡು, 3 ಮೂರನೇ ಮೋಲ್ಡು, 4 ಮೆಟ್ಟಿಲ ಕೋಣೆ ಮೋಲ್ಡು. ಆರ್ಕಿಟೆಕ್ಟುಗಳು ನಗುತ್ತಾರೆ, ನಗಲಿ.

2. ಅಡಿಯೋ ಮೀಟರೋ, ಬೆಳಿಗ್ಗೆಯೇ ತೀರ್ಮಾನ ಮಾಡಿ.

ನಮ್ಮ ಕಡೆ ಸೈಟು ಅಡಿಯಲ್ಲಿ, ಗೋಡೆ ಇಂಚಿನಲ್ಲಿ, ಕಂಬಿ ಮಿಲಿಮೀಟರಿನಲ್ಲಿ, ರೆಡಿಮಿಕ್ಸ್ ಘನ ಮೀಟರಿನಲ್ಲಿ. 10 ಅಡಿ ಅಂದರೆ 3.048 ಮೀಟರ್. ಒಂದು ಮನೆಯ ಮಾಡೆಲನ್ನು ಇನ್ನೊಂದು ಪ್ರೋಗ್ರಾಮಾದ ಸ್ಟಾಡ್‌ನಲ್ಲಿ ಅಡಿ ಲೆಕ್ಕದಲ್ಲೇ ಎಳೆದಿದ್ದೆ. ಆಮೇಲೆ ಮಾಲೀಕರು ಒಂದು ಕಂಬ ಸರಿಸಿ ಅಂದರು. ಅದೊಂದರ ಎತ್ತರವನ್ನು ಮಾತ್ರ ಮೀಟರಿನಲ್ಲಿ, 3.05 ಅಂತ ಹೊಡೆದೆ. 2 ಮಿಲಿಮೀಟರ್ ಹೆಚ್ಚು. ಬೀಮಿನ ತುದಿ ಕಂಬದ ತಲೆಯನ್ನು ಮುಟ್ಟದೆ, ಅದಕ್ಕಿಂತ 2 ಮಿಲಿಮೀಟರ್ ಕೆಳಗೆ, ಯಾವ ಗಂಟೂ ಇಲ್ಲದ ಜಾಗದಲ್ಲಿ ನಿಂತಿತು. ಪರದೆಯ ಮೇಲೆ ಎಷ್ಟು ದೊಡ್ಡದು ಮಾಡಿದರೂ ಸೇರಿದ ಹಾಗೇ ಕಾಣುತ್ತದೆ.

ಪ್ರೋಗ್ರಾಮಿಗೆ ಮಾತ್ರ ಸೇರಿಲ್ಲ. ಕಂಬ ಸುಮ್ಮನೆ ನಿಂತಿದೆ, ಬೀಮು ಬಾಲ್ಕನಿಯ ಹಾಗೆ ಒಂದೇ ತುದಿಯಲ್ಲಿ ಜೋತಾಡುತ್ತಿದೆ ಅಂತ ಅದು ತಿಳಿದು, ಆ ತುದಿಗೆ ಬೇಕಾಬಿಟ್ಟಿ ಕಂಬಿ ಕೇಳಿತು. ನಾನು ಕೊಟ್ಟೆ. ಕಂಪ್ಯೂಟರ್ ಕೇಳಿದೆಯಲ್ಲ! ಕಂಬಿ ಕಟ್ಟುವ ಹುಡುಗ ಫೋನ್ ಮಾಡಿ, “ಸಾರ್, ಇಷ್ಟು ಕಂಬಿ ಹಾಕಿದ್ರೆ ವೈಬ್ರೇಟರ್ ಇಳಿಯಲ್ಲ, ಜಲ್ಲೀನೂ ಇಳಿಯಲ್ಲ,” ಅಂದ ಮೇಲೆ ಫೈಲು ತೆರೆದು ಹುಡುಕಿದೆ. ಈಗ ಒಂದೊಂದು ಮಹಡಿ ಎಳೆದ ಕೂಡಲೇ ಬರೀ ಸ್ವಂತ ತೂಕ ಹಾಕಿ, ಮಹಡಿ ಹೇಗೆ ಬಾಗುತ್ತದೆ ಅನ್ನುವ ಚಿತ್ರವನ್ನು ನೂರು ಪಟ್ಟು ಹಿಗ್ಗಿಸಿ ನೋಡುತ್ತೇನೆ. ಕೈ ಬಿಟ್ಟ ಬೀಮು ಮಾವಿನ ಕೊಂಬೆ ಹಾಗೆ ಜೋತು ಬೀಳುತ್ತದೆ, ತಕ್ಷಣ ಸಿಕ್ಕಿಬೀಳುತ್ತದೆ.

3. ಮೇಲಿನ ಗೋಡೆ ಕೆಳಗಿನ ಹಾಳೆಯಲ್ಲಿ ಕಾಣಬೇಕು.

ಹೊಸಕೋಟೆಯ ಒಂದು ಮನೆಯಲ್ಲಿ ಮೋಲ್ಡು ಮುಗಿದ ಮೇಲೆ ದೇವರ ಮನೆಯನ್ನು ಮೇಲಿನ ಮಹಡಿಯ ಈಶಾನ್ಯಕ್ಕೆ ತರಬೇಕೆಂದು ಹಿರಿಯರು ಹಟ ಹಿಡಿದರು. “ಸಣ್ಣ ದೇವ್ರ ಮನೆ ಸಾರ್, ನಾಲ್ಕಡಿ ಅಗಲ, ಅದೆಷ್ಟು ಭಾರ ಆಗುತ್ತೆ?” ಅಂದರು ಮಾಲೀಕರು. ನಾನೂ ತಲೆಯಾಡಿಸಿದೆ. 6 ಇಂಚಿನ ಸಾಲಿಡ್ ಬ್ಲಾಕಿನ ಗೋಡೆ 10 ಅಡಿ ಎತ್ತರ ಎದ್ದರೆ ಒಂದು ಮೀಟರ್ ಉದ್ದಕ್ಕೆ ಹೆಚ್ಚುಕಡಿಮೆ ಒಂದು ಟನ್. ಅದು ನಿಂತದ್ದು ಸ್ಲ್ಯಾಬಿನ ನಟ್ಟನಡುವೆ, ಕೆಳಗೆ ಬೀಮಿಲ್ಲ. ಗೃಹಪ್ರವೇಶಕ್ಕೆ ಮೊದಲೇ ಕೆಳಗಿನ ಮಲಗುವ ಕೋಣೆಯ ಚಾವಣಿಯಲ್ಲಿ ಕೂದಲೆಳೆಯಂಥ ಬಿರುಕು ಬಂತು. ಗೋಡೆ ಒಡೆಸಿ, ಮರದ ಮಂಟಪ ಮಾಡಿಸಿ, ಅದರ ಅರ್ಧ ಖರ್ಚು ನಾನು ಕೊಟ್ಟೆ.

ಮಾಡೆಲ್‌ನಲ್ಲಿ ನಾನು ಆಗ ಗೋಡೆಗಳನ್ನು ಎಳೆಯುತ್ತಲೇ ಇರಲಿಲ್ಲ; ‘ಗೋಡೆ ಆರ್ಕಿಟೆಕ್ಟಿನದು, ಬೀಮು ನನ್ನದು’ ಅನ್ನುವ ಜಂಬ. ಈಗ ಪ್ರತಿ ಮೋಲ್ಡಿನ ಹಾಳೆಯಲ್ಲೂ ಅದರ ಮೇಲೆ ಏಳುವ ಗೋಡೆಗಳು ಚುಕ್ಕಿ ಗೆರೆಯಲ್ಲಿ ಇರುತ್ತವೆ. ಚುಕ್ಕಿ ಗೆರೆಯ ಕೆಳಗೆ ಬೀಮಿಲ್ಲದ ಕಡೆ ಕೆಂಪು ಬಳಿದು ಇಡುತ್ತೇವೆ. ಮಾಲೀಕರು ಗೋಡೆ ಸರಿಸಲು ಬಂದರೆ ಹಾಳೆ ಅವರ ಮುಂದಿಟ್ಟು ಸುಮ್ಮನಿರುತ್ತೇನೆ.

4. ಸ್ಲ್ಯಾಬಿನ ಮೈಮೇಲೆ ಬಾಣ ಎಳೆಯಿರಿ.

ಇದನ್ನು ಸ್ವಲ್ಪ ದೂರದಿಂದ ಹೇಳಬೇಕು. ನನ್ನ ಅಜ್ಜಿಯ ಊರು ದೇವನಹಳ್ಳಿ ತಾಲ್ಲೂಕಿನಲ್ಲಿ, ಕಲ್ಲಿನ ಕ್ವಾರಿಗಳಿಗೆ ಹೆಸರಾದ ಕೊಯಿರದ ಹತ್ತಿರ. ಮನೆಗೆ ಚಪ್ಪಡಿ ಕಲ್ಲಿನ ಚಾವಣಿ. ಮಧ್ಯಾಹ್ನ ಚಾಪೆಯ ಮೇಲೆ ಮಲಗಿ ಮೇಲೆ ನೋಡಿದರೆ ಚಪ್ಪಡಿಗಳು ಒಂದರ ಪಕ್ಕ ಒಂದು, ಈ ಗೋಡೆಯಿಂದ ಆ ತೊಲೆಗೆ, ಸಂದಿಗಳಲ್ಲಿ ಗಾರೆ. ಯಾವ ಗೋಡೆ ಹೊರುತ್ತದೆ, ಯಾವುದು ಬರೀ ಮರೆ ಅಂತ ಎಂಟು ವರ್ಷದ ಹುಡುಗನಿಗೂ ಗೊತ್ತಾಗುತ್ತಿತ್ತು. ಕೋಣೆಯ ಅಗಲವನ್ನು ಕಲ್ಲಿನ ಉದ್ದವೇ ನಿಶ್ಚಯ ಮಾಡುತ್ತಿತ್ತು. ಕಲ್ಲು ಎಟುಕದ ಕಡೆ ಮಧ್ಯೆ ಕಲ್ಲಿನ ಕಂಬ, ಮೇಲೆ ತೊಲೆ. ಫ್ರೇಮಿಂಗ್ ಹಾಳೆಯನ್ನು ಮಲಗಿಕೊಂಡೇ ಓದಬಹುದಾಗಿತ್ತು.

ಕಾಂಕ್ರೀಟಿನಲ್ಲಿ ಎಲ್ಲ ಮುಚ್ಚಿಹೋಗುತ್ತದೆ. ಕಾಂಕ್ರೀಟಿನ ನಿಯಮಾವಳಿಯಾದ 2000ದ ಐಎಸ್ 456ರ ಪ್ರಕಾರ ಸ್ಲ್ಯಾಬಿನ ಉದ್ದ ಅಗಲದ ಎರಡು ಪಟ್ಟಿಗಿಂತ ಹೆಚ್ಚಿದ್ದರೆ ಅದು ಚಪ್ಪಡಿಯ ಹಾಗೆಯೇ, ಭಾರ ಹೋಗುವುದು ಅಗಲದ ದಿಕ್ಕಿನಲ್ಲಿ. ಒಂದು ಮನೆಯಲ್ಲಿ 10 ಅಡಿಗೆ 22 ಅಡಿಯ ವರಾಂಡ. ನನ್ನ ಹಾಳೆಯಲ್ಲಿ ‘10 ಎಂಎಂ 6 ಇಂಚಿಗೊಂದು, 8 ಎಂಎಂ 8 ಇಂಚಿಗೊಂದು’ ಅಂತಷ್ಟೇ ಇತ್ತು, ಯಾವುದು ಯಾವ ಕಡೆಗೆ ಅಂತ ಇರಲಿಲ್ಲ. ಕಂಬಿಯವರು ದಪ್ಪ ಕಂಬಿಯನ್ನು ಉದ್ದಕ್ಕೆ ಎಳೆದಿದ್ದರು. ಉದ್ದನೆಯ ಕೋಣೆಗೆ ದಪ್ಪ ಕಂಬಿ ಉದ್ದಕ್ಕೆ ಬೇಕು ಅನ್ನಿಸುವುದು ಸಹಜವೇ, ತಪ್ಪು ಅವರದಲ್ಲ. ವಾಟ್ಸ್ಯಾಪಿನಲ್ಲಿ ಬಂದ ಫೋಟೋ ನೋಡಿ, ಹೆಲ್ಮೆಟ್ ಹಾಕಿಕೊಳ್ಳುವುದನ್ನೂ ಮರೆತು ಬೈಕಿನಲ್ಲಿ ಓಡಿದೆ.

ಈಗ ಒಂದೊಂದು ಸ್ಲ್ಯಾಬು ತುಂಡನ್ನೂ ಬೇರೆಯಾಗಿ ಎಳೆದು, ಬೇರೆ ನಂಬರು ಕೊಟ್ಟು, ಮುಖ್ಯ ಕಂಬಿಯ ದಿಕ್ಕಿಗೆ ಬಾಣ ಹಾಕುತ್ತೇನೆ. ಬಾಲ್ಕನಿಗೆ ಬಾಣದ ಜೊತೆಗೆ ‘ಕಂಬಿ ಮೇಲ್ಗಡೆ’ ಅಂತ ದಪ್ಪ ಕನ್ನಡದಲ್ಲಿ. ಕಾಂಕ್ರೀಟ್ ಹಾಕುವವರು ತುಳಿದು ಅದನ್ನು ಕೆಳಗಿಳಿಸುವುದು ಮಾತ್ರ ಯಾವ ಮಾಡೆಲ್ಲಿಗೂ ಬಗ್ಗುವುದಿಲ್ಲ. ಅದಕ್ಕೆ ಹಲಗೆ ಹಾಸಿ, ಪಕ್ಕದಲ್ಲಿ ನಿಂತು ಗಂಟಲು ಹರಿದುಕೊಳ್ಳಬೇಕು.

5. ಬಚ್ಚಲನ್ನು ಮೊದಲು ತಗ್ಗಿಸಿ, ಆಮೇಲೆ ಬೀಮಿನ ಆಳ.

ನನ್ನ ಚಿಕ್ಕಪ್ಪನ ಮನೆ. ಫೀಜು ತಗೊಳ್ಳದ ಕೆಲಸ, ಹಾಗಾಗಿ ಗಮನವನ್ನೂ ಅಷ್ಟೇ ಕೊಟ್ಟೆ. ಇಡೀ ಮಹಡಿಗೆ ಒಂದೇ ಸಪಾಟು ಸ್ಲ್ಯಾಬು ಎಳೆದು, ಸುತ್ತ 15 ಇಂಚಿನ ಬೀಮು ಕೊಟ್ಟೆ. ಬಚ್ಚಲ ಮನೆಗೆ ಪೈಪು ಹಾಯಲು 12 ಇಂಚು ತಗ್ಗಿಸಬೇಕು ಅಂತ ಸೈಟಿನಲ್ಲಿ ಪ್ಲಂಬರ್ ಕೇಳಿದಾಗಲೇ ಲೆಕ್ಕ ಮಾಡಿದ್ದು. 12 ಇಂಚು ತಗ್ಗು, 5 ಇಂಚು ಸ್ಲ್ಯಾಬು, ತಳ ಬರುವುದು 17 ಇಂಚಿಗೆ. ಬೀಮು ಮುಗಿಯುವುದು 15ಕ್ಕೆ. ಸ್ಲ್ಯಾಬು ಕೂರುವುದು ಗಾಳಿಯ ಮೇಲೆಯೇ?

ಬೀಮಿನ ಸೆಂಟ್ರಿಂಗ್ ಹೊಡೆದಾಗಿತ್ತು. ತಗ್ಗನ್ನು ಕಡಿಮೆ ಮಾಡಿ, ಪೈಪು ಮುಚ್ಚಲು ಬಚ್ಚಲ ನೆಲವನ್ನೇ ಎತ್ತರಿಸಿದೆವು. ಇವತ್ತಿಗೂ ಆ ಮನೆಯಲ್ಲಿ ಬಚ್ಚಲಿಗೆ ಒಂದು ಮೆಟ್ಟಿಲು ಹತ್ತಿ ಹೋಗಬೇಕು. “ಇಂಜಿನಿಯರ್ ಮಗ ಇದ್ದು ನಮ್ಗೆ ಬಚ್ಚಲಿಗೂ ಬೆಟ್ಟ ಹತ್ತೋ ಭಾಗ್ಯ,” ಅಂತ ಚಿಕ್ಕಮ್ಮ ಬಂದವರಿಗೆಲ್ಲ ಹೇಳುತ್ತಾರೆ, ನಾನಿದ್ದರೆ ಇನ್ನೂ ಜೋರಾಗಿ.

ಆ ತಗ್ಗಿನಲ್ಲಿ ತುಂಬುವ ಇಟ್ಟಿಗೆ ಚೂರಿಗೂ ತೂಕವಿದೆ. ಒಂದಡಿ ತುಂಬಿದರೆ ಒಂದು ಚದರ ಮೀಟರಿಗೆ ಅರ್ಧ ಟನ್ನಿನ ಹತ್ತಿರ. ಸಪಾಟು ಸ್ಲ್ಯಾಬು ಎಳೆದವನಿಗೆ ಅದೂ ನೆನಪಾಗುವುದಿಲ್ಲ.

6. ಮೆಟ್ಟಿಲಿನ ಅರ್ಧ ಮಹಡಿಗೂ ಒಂದು ಮನೆ ಕೊಡಿ.

ಈಟ್ಯಾಬ್ಸ್‌ನಂಥ ಪ್ರೋಗ್ರಾಮುಗಳು ಇಡೀ ಮಹಡಿಗಳ ಲೆಕ್ಕದಲ್ಲೇ ಯೋಚಿಸುತ್ತವೆ. ಮೆಟ್ಟಿಲು ತಿರುಗುವ ಕಡೆಯ ಲ್ಯಾಂಡಿಂಗ್ ಬೀಮು ಎರಡು ಮಹಡಿಗಳ ನಡುವೆ ತ್ರಿಶಂಕು. ಎರಡು ಸಲ ಅದು ನನ್ನ ಹಾಳೆಯಿಂದಲೇ ಮಾಯವಾಗಿತ್ತು. ಮೂರನೇ ಸಲ ಹಾಕಿದೆ, ಆದರೆ ಅದರ ಕೆಳಗೆ ಬಾಗಿಲು ಇತ್ತು. ಐದಡಿ ಎಂಟಿಂಚಿನವರು ತಲೆ ಬಗ್ಗಿಸಿ ಒಳಗೆ ಹೋಗಬೇಕು. ಮನೆಯ ಯಜಮಾನರು ಆರಡಿ. ಈಗ ಅರ್ಧ ಎತ್ತರಕ್ಕೆ ಬೇರೆಯೇ ಒಂದು ಲೆವೆಲ್ಲು ಹಾಕಿ ‘1½’ ಅಂತ ಹೆಸರಿಡುತ್ತೇನೆ.

7. ‘ಒಂದೇ ತರದ ಮಹಡಿ’ ಅನ್ನುವ ಬಟನ್ನಿಗೆ ಹೆದರಿ.

ಈಟ್ಯಾಬ್ಸ್‌ನಲ್ಲಿ ಒಂದು ಮಹಡಿಯಲ್ಲಿ ಮಾಡಿದ್ದು ಅದರಂಥ ಎಲ್ಲ ಮಹಡಿಗೂ ತಾನಾಗಿ ಆಗುವ ಅನುಕೂಲ ಇದೆ. ಒಂದು ರಾತ್ರಿ ಮೊದಲನೇ ಮೋಲ್ಡಿನಲ್ಲಿ ಬೇಡದ ಬೀಮೊಂದನ್ನು ಅಳಿಸಿದೆ. ಆ ಆಯ್ಕೆ ಆನ್ ಆಗಿತ್ತು. ಮೇಲಿನ ಎರಡು ಮಹಡಿಯಲ್ಲೂ ಅದೇ ಬೀಮು ಹೋಯಿತು, ಕಟ್ಟಕಡೆಯ ಮಹಡಿಯಲ್ಲಿ ಅದರ ಮೇಲೆ ನೀರಿನ ಟ್ಯಾಂಕಿತ್ತು. ಸಾವಿರ ಲೀಟರಿನ ಟ್ಯಾಂಕು ತುಂಬಿದರೆ ನೀರೇ ಒಂದು ಟನ್. ನಮ್ಮ ಹುಡುಗ ಹಾಳೆ ಪ್ರಿಂಟ್ ತೆಗೆಯುವಾಗ, “ಅಣ್ಣ, ಟ್ಯಾಂಕ್ ಕೆಳ್ಗಡೆ ಖಾಲಿ ಕಾಣ್ತಿದೆ,” ಅಂದ. ಅವನಿಗೆ ಆ ತಿಂಗಳು ಐನೂರು ರೂಪಾಯಿ ಜಾಸ್ತಿ ಕೊಟ್ಟೆ, ಕಾರಣ ಹೇಳಲಿಲ್ಲ.

8. ಬೀಮಿನ ತಲೆಯೂ ಸ್ಲ್ಯಾಬೂ ಒಂದೇ ಕಾಂಕ್ರೀಟು, ಎರಡು ಸಲ ಎಣಿಸಬೇಡಿ.

ರೆವಿಟ್ ಅನ್ನುವ ಪ್ರೋಗ್ರಾಮು ಕಲಿತ ಹೊಸತರಲ್ಲಿ ಕಾಂಕ್ರೀಟಿನ ಲೆಕ್ಕವನ್ನು ಮಾಡೆಲ್‌ನಿಂದಲೇ ತೆಗೆಯುವ ಉಮೇದು. 9 ಇಂಚು ಅಗಲ, 18 ಇಂಚು ಆಳದ ಬೀಮು. ಅದರ ಮೇಲಿನ 5 ಇಂಚು ಸ್ಲ್ಯಾಬಿನೊಳಗೇ ಇರುತ್ತದೆ. ಎರಡನ್ನೂ ಜೋಡಿಸದೆ ಬಿಟ್ಟರೆ ಆ 5 ಇಂಚು ಬೀಮಿನಲ್ಲೂ ಬರುತ್ತದೆ, ಸ್ಲ್ಯಾಬಿನಲ್ಲೂ ಬರುತ್ತದೆ. ಆ ಮನೆಯಲ್ಲಿ ಒಟ್ಟು 300 ಅಡಿ ಬೀಮು. ಲೆಕ್ಕ ಹಾಕಿ ನೋಡಿ, 94 ಘನ ಅಡಿ, ಎರಡೂವರೆ ಘನ ಮೀಟರಿಗೂ ಮೇಲೆ ಸುಳ್ಳು ಕಾಂಕ್ರೀಟು. ಅಷ್ಟೂ ರೆಡಿಮಿಕ್ಸ್ ಲಾರಿಯಲ್ಲಿ ಬಂದು ನಿಂತಿತು, ವಾಪಸ್ ತಗೊಳ್ಳುವುದಿಲ್ಲ ಅಂದರು. ಗೇಟಿನ ಮುಂದೆ, ಪಕ್ಕದ ಮನೆಯವರ ಗೇಟಿನ ಮುಂದೆ, ಎದುರುಗಡೆ ಅಂಗಡಿಯ ಮುಂದೆ ಸುರಿದು ಹರಡಿದೆವು. ಆ ಬೀದಿಯವರಿಗೆ ಇವತ್ತಿಗೂ ನಾನು ಒಳ್ಳೆಯ ಇಂಜಿನಿಯರು.

9. ಯಾವ ಕೋಣೆಯಲ್ಲಿ ಏನು ಇರುತ್ತದೆ ಅಂತ ಕೋಣೆಯ ಮೇಲೇ ಬರೆಯಿರಿ.

ದೊಡ್ಡಬಳ್ಳಾಪುರದಲ್ಲಿ ಮನೆ ಅಂದರೆ ಅರ್ಧ ಮನೆ, ಅರ್ಧ ಕಾರ್ಖಾನೆ. ಕೆಳಗೆ ವಿದ್ಯುತ್ ಮಗ್ಗ, ಮೇಲೆ ಸಂಸಾರ. ಮಗ್ಗದ ಮೇಲೆ ಜಕಾರ್ಡು ಕೂರುವುದರಿಂದ ಕೆಳಗಿನ ಅಂತಸ್ತಿನ ಎತ್ತರ ಬೇರೆ, ಮಧ್ಯೆ ಕಂಬ ಬರಬಾರದು ಅನ್ನುವ ಹಟ ಬೇರೆ. ಅಂಥ ಒಂದು ಮನೆಗೆ ಉದ್ದದ ಬೀಮುಗಳನ್ನು ಕೊಟ್ಟು, ಮೇಲಿನ ನೆಲಕ್ಕೆ ಭಾರಗಳ ನಿಯಮಾವಳಿ ಐಎಸ್ 875 ವಾಸದ ಕೋಣೆಗೆ ಹೇಳುವ ಹಾಗೆ ಒಂದು ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಇನ್ನೂರು ಕೆಜಿಯಷ್ಟು ಭಾರ ಹಾಕಿದ್ದೆ. ಮಂಚ, ಬೀರು, ನೆಂಟರು, ಎಲ್ಲ ಅದರಲ್ಲಿ ಬಂತು.

ನಾಲ್ಕು ವರ್ಷ ಕಳೆದು ಅವರು ಫೋನ್ ಮಾಡಿದರು. “ಅಣ್ಣ, ತಮ್ಮ ಬೇರೆ ಆಗ್ತಿದಾನೆ. ಮೇಲ್ಗಡೆ ಹಾಲಲ್ಲಿ ಎರಡು ಮಗ್ಗ ಹಾಕೋಣ ಅಂತ. ತಡೆಯುತ್ತಲ್ವಾ?” ಫೈಲು ತೆರೆದೆ. ಭಾರಗಳಿಗೆ ನಾನಿಟ್ಟ ಹೆಸರು ‘ಎಲ್ಎಲ್1’, ‘ಎಲ್ಎಲ್2’, ‘ಎಲ್ಎಲ್ ಹೊಸತು’. ಯಾವುದು ಯಾವ ಕೋಣೆಗೆ, ಯಾವುದು ಬಿಟ್ಟದ್ದು, ಯಾವುದು ಇಟ್ಟದ್ದು, ಒಂದೂ ತಿಳಿಯಲಿಲ್ಲ. ಎರಡು ದಿನ ಬೇಕಾಯಿತು ನನ್ನದೇ ಕೆಲಸ ನನಗೆ ಅರ್ಥವಾಗಲು. ಮಗ್ಗ ಸುಮ್ಮನೆ ಕೂರುವ ವಸ್ತುವಲ್ಲ, ಹಗಲೆಲ್ಲ ನೆಲವನ್ನು ಅಲುಗಾಡಿಸುತ್ತದೆ. ಬೇಡ ಅಂದೆ. ಅವರಿಗೆ ಬೇಸರವಾಯಿತು. ಮಗ್ಗ ಹಾಕಿದರೋ ಇಲ್ಲವೋ, ಆ ಬೀದಿಯಲ್ಲಿ ಹೋಗುವಾಗ ಕಿವಿಗೊಟ್ಟು ಕೇಳುತ್ತೇನೆ; ಎಲ್ಲ ಮನೆಯಿಂದಲೂ ಒಂದೇ ಲಟಲಟ, ಮೇಲಿನದೋ ಕೆಳಗಿನದೋ ಗೊತ್ತಾಗುವುದಿಲ್ಲ.

ಅಲ್ಲಿಂದೀಚೆಗೆ ಭಾರದ ಹೆಸರು ‘ಮಲಗುವ ಕೋಣೆ’, ‘ಮಗ್ಗ’, ‘ಟ್ಯಾಂಕು’, ‘ಬಚ್ಚಲು ತುಂಬಿದ್ದು’. ನೆಲದ ಹಾಳೆಯ ಮೂಲೆಯಲ್ಲಿ ಒಂದು ಸಾಲು: ಇಲ್ಲಿ ಮಗ್ಗ ಕೂರಿಸಬಾರದು.

10. ಸೈಟಿನಲ್ಲಿ ಬದಲಾದದ್ದು ಫೈಲಿಗೆ ವಾಪಸ್ ಬರಬೇಕು.

ಇದನ್ನು ಇನ್ನೂ ಕಲಿಯುತ್ತಿದ್ದೇನೆ. ಮೇಲೆ ಹೇಳಿದ ನೆಲಮಂಗಲದ ಮನೆಯವರು ಹೋದ ವರ್ಷ ಇನ್ನೊಂದು ಮಹಡಿ ಎತ್ತಬೇಕು ಅಂದರು, ಮಗನಿಗೆ ಮದುವೆ. ಹಳೆಯ ಫೈಲು ತೆರೆದೆ. ಹೆಸರುಗಳೆಲ್ಲ ಅದೇ ಹಳೇ ಗೋಜಲು. ಅಡುಗೆಮನೆ ಪಕ್ಕದ ಬೀಮು 18 ಇಂಚು ಆಳ ಅಂತಿದೆ. ಆದರೆ ಕಿಟಕಿ ಎತ್ತರ ಸಾಲದೆ ಸೈಟಿನಲ್ಲಿ ಏನೋ ಕಡಿಮೆ ಮಾಡಿದ ನೆನಪು. ಫೋನಿನಲ್ಲಿ ಹೇಳಿದ್ದೆ, ಎಲ್ಲೂ ಬರೆದಿರಲಿಲ್ಲ. ಆ ಮೇಸ್ತ್ರಿ ಈಗ ಕೆಲಸ ಬಿಟ್ಟು ಊರಲ್ಲಿದ್ದಾರೆ, ಅವರಿಗೂ ನೆನಪಿಲ್ಲ.

ಟೇಪು ಹಿಡಿದುಕೊಂಡು ಹೋದೆ. ಊಟದ ಮೇಜು ಸರಿಸಿ, ಸ್ಟೂಲ್ ಹತ್ತಿ, ಸ್ಲ್ಯಾಬಿನ ತಳದಿಂದ ಬೀಮಿನ ತಳಕ್ಕೆ ಹಿಡಿದೆ. 10 ಇಂಚು. ಸ್ಲ್ಯಾಬಿನ 5 ಸೇರಿಸಿದರೆ 15. ಪಕ್ಕದ ಬೀಮಿಗೆ ಹಿಡಿದೆ, ಅದು 13, ಅಂದರೆ 18 ಸರಿಯಾಗಿದೆ. ಮನೆಯಲ್ಲಿ ಒಟ್ಟು ಇಪ್ಪತ್ತಮೂರು ಬೀಮು. ಯಜಮಾನರು ಕಾಫಿ ತಂದು ಕೆಳಗಿಂದ ಚಾಚಿದರು.

“ಏನ್ ಸಾರ್, ಗಟ್ಟಿ ಇದ್ಯಾ ಮನೆ?”

“ಇನ್ನೂ ಇಪ್ಪತ್ತೊಂದು ಬಾಕಿ ಇದೆ,” ಅಂದೆ. “ಆ ಕಾಫಿ ಅಲ್ಲೇ ಕಿಟಕಿ ಹತ್ರ ಇಡಿ.”